ಕರಿಬೇವಿನ ಗಿಡಕ್ಕೆ ಕೆನಡಾದ ಸಾಕ್ಷಿ

ಕಳೆದ ತಿಂಗಳು ನಂಜುಂಡಯ್ಯ ಅನ್ನುವವರೊಬ್ಬರು ನಮ್ಮ ಬೀದಿಯ ಕರಿಬೇವಿನ ಗಿಡವನ್ನು ಕೌನ್ಸಿಲ್‌ನವರ ಗರಗಸದಿಂದ ಕಾಪಾಡಿದರು. ಸರಿಯಾಗಿ ಒಂಬತ್ತು ದಿನ ಕಾಪಾಡಿದರು. ಹತ್ತನೇ ದಿನ ಗೊತ್ತಾಯಿತು, ಆ ಮನುಷ್ಯ ಹುಟ್ಟೇ ಇಲ್ಲ.

ನಗಬೇಡಿ. ಹುಟ್ಟೇ ಇಲ್ಲದ ಈ ಮನುಷ್ಯನಿಗೆ ಬ್ರಿಸ್ಬೇನ್‌ನಲ್ಲಿ ನೆಂಟರಿದ್ದಾರೆ. ಕೆನಡಾದಲ್ಲಿ ಮನೆ ಇದೆ. ಬಲಗಡೆ ಮಂಡಿ ನೋವಿದೆ. ಇಷ್ಟೆಲ್ಲ ಇದ್ದೂ ಒಬ್ಬ ಮನುಷ್ಯ ಇಲ್ಲ ಅಂದರೆ ನಂಬೋದು ಹೇಗೆ, ನೀವೇ ಹೇಳಿ?

ಇರಲಿ, ಮೊದಲಿಂದ ಹೇಳುತ್ತೇನೆ.

ಪರ್ತ್‌ನ ದಕ್ಷಿಣಕ್ಕೆ, ಹೊಸ ಮನೆಗಳ ಎಸ್ಟೇಟ್ ಒಂದರಲ್ಲಿ ನಮ್ಮ ವಾಸ. ಬೀದಿಯ ಮೂಲೆ ಮನೆ ವಿಮಲಾ ಆಂಟಿಯದು. ಮೂವತ್ತು ವರ್ಷದ ಹಿಂದೆ ಮೈಸೂರಿಂದ ಬಂದವರು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿ ದುಡಿದು ರಿಟೈರ್ ಆದವರು. ಇವತ್ತಿಗೂ ಮಾತಾಡುವಾಗ ಎದುರಿನವರ ಕಣ್ಣು ನೋಡುವುದಿಲ್ಲ, ಹಲ್ಲು ನೋಡುತ್ತಾರೆ.

ಅವರ ಮನೆ ಮುಂದಿನ ವರ್ಜ್‌ನಲ್ಲಿ ಒಂದು ಕರಿಬೇವಿನ ಗಿಡ. (ವರ್ಜ್ ಅಂದರೆ ಫುಟ್‌ಪಾತಿಗೂ ರಸ್ತೆಗೂ ನಡುವಿನ ಹುಲ್ಲಿನ ಪಟ್ಟಿ. ಹುಲ್ಲು ಕತ್ತರಿಸುವಾಗ ಅದು ನಮ್ಮದು. ಗಿಡ ನೆಟ್ಟಾಗ ಸರ್ಕಾರದ್ದು.) ಅಂಗೈಯಗಲದ ಕುಂಡದಲ್ಲಿ ತಂದದ್ದು ಈಗ ಆಳೆತ್ತರ ದಾಟಿದೆ. ಇಡೀ ಬೀದಿಯ ಒಗ್ಗರಣೆ ಅದರಿಂದಲೇ. ಬೆಂಟ್ಲಿಯ ಯೂನಿವರ್ಸಿಟಿಯಲ್ಲಿ ಓದುವ ಹುಡುಗಿಯರು ಎರಡು ಬಸ್ ಬದಲಾಯಿಸಿಕೊಂಡು ಭಾನುವಾರ ಬರುತ್ತಾರೆ. ನಾಲ್ಕು ಎಲೆಗಾಗಿ ಎರಡು ಬಸ್ಸಾ ಅಂತ ನಾನೂ ಅಂದುಕೊಂಡಿದ್ದೆ. ಆಮೇಲೆ ನೋಡಿದೆ.

ಗಿಡದ ಹತ್ತಿರ ಯಾರೇ ಬಂದು ನಿಂತರೂ ಆಂಟಿಯ ಕಿಟಕಿ ತೆರೆಯುತ್ತದೆ.

"ಯಾವೂರಮ್ಮ? ಕಲಬುರಗಿನಾ? ಅಷ್ಟು ದೂರದಿಂದಾನಾ? ಕೆಳಗಡೆ ಎಲೆ ಕಿತ್ಕೋ, ಚಿಗುರು ಮುರೀಬೇಡ. ಊಟ ಆಯ್ತಾ? ಸುಳ್ಳು ಹೇಳ್ಬೇಡ, ಒಳಗೆ ಬಾ."

ಹತ್ತು ನಿಮಿಷದಲ್ಲಿ ಆ ಹುಡುಗಿ ಅಡುಗೆಮನೆಯ ಸ್ಟೂಲ್ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಾ, ರೂಮ್‌ಮೇಟ್ ಮೇಲೆ ಚಾಡಿ ಹೇಳುತ್ತಾ ಇರುತ್ತಾಳೆ. ಗಿಡ ಬರೀ ನೆಪ. ಅದು ಆಂಟಿಯ ಕಾಲಿಂಗ್ ಬೆಲ್.

ಇಂಥ ಗಿಡಕ್ಕೆ ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ನಗರಸಭೆಯಿಂದ, ನೋಟಿಸು ಬಂತು. ರಸ್ತೆಯ ತಿರುವಿನಲ್ಲಿ ಗಾಡಿ ಓಡಿಸುವವರ ಕಣ್ಣಿಗೆ ಗಿಡ ಅಡ್ಡವಾಗಿದೆ, ಹದಿನಾಲ್ಕು ದಿನದೊಳಗೆ ಸರಿಪಡಿಸದಿದ್ದರೆ ನಾವೇ ತೆಗೆಸುತ್ತೇವೆ. ಇದು ಸಾರಾಂಶ.

ಆಂಟಿ ಆ ಕಾಗದ ಹಿಡಿದು ನಮ್ಮ ಮನೆಗೆ ಬಂದರು. ಯಾವತ್ತೂ ಮೊದಲು ನನ್ನ ಹಲ್ಲು ನೋಡುವವರು ಅವತ್ತು ನೆಲ ನೋಡುತ್ತಿದ್ದರು.

"ಗಿಡ ಹೋದ್ರೆ ನಮ್ಮನೆ ಮುಂದೆ ಇನ್ಯಾರಪ್ಪ ನಿಲ್ತಾರೆ ಮೂರ್ತಿ?"

ನನ್ನ ಹೆಂಡತಿ ಸುಮಾ ಕಾಫಿ ತಂದಿಟ್ಟಳು. ಆಂಟಿ ಒಂದು ಗುಟುಕು ಕುಡಿದು ಕೇಳಿದರು, "ಒಂದ್ಸಲ ಕೌನ್ಸಿಲ್ ಆಫೀಸ್‌ಗೆ ಹೋಗಿ ಕೇಳ್ಕೊಂಡು ಬರೋಣ್ವಾ?"

"ಆಂಟಿ," ಅಂದೆ ನಾನು, "ಹಾಗೆಲ್ಲ ಬರಿಗೈಯಲ್ಲಿ ಹೋಗಬಾರದು. ಕಾನೂನು ಹಿಡ್ಕೊಂಡು ಹೋಗ್ಬೇಕು."

ಇಲ್ಲಿ ಒಂದು ವಿಷಯ ಹೇಳಬೇಕು. ನಾನು ಲಾಯರ್ ಅಲ್ಲ. ಗಣಿ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುವವನು. ಆದರೆ ಮೂರು ವರ್ಷದ ಹಿಂದೆ ನಮ್ಮ ಬಸ್‌ಸ್ಟಾಪಿನ ಮುರಿದ ಬೆಂಚಿನ ಬಗ್ಗೆ ನಾನೊಂದು ಪತ್ರ ಬರೆದೆ, ಬೆಂಚು ರಿಪೇರಿ ಆಯಿತು. (ಪತ್ರ ತಲುಪುವ ಮೊದಲೇ ರಿಪೇರಿ ಆಗಿತ್ತು ಅಂತ ಆಮೇಲೆ ತಿಳಿಯಿತು. ಯಾರಿಗೂ ಹೇಳಲಿಲ್ಲ.) ಅವತ್ತಿನಿಂದ ನಾನು ಬೀದಿಯ ಕಾನೂನು ಅಂಕಲ್.

ನಮ್ಮವರು ಇರುವ ಪ್ರತಿ ಬೀದಿಯಲ್ಲೂ ಇಂಥ ಅಂಕಲ್ ಒಬ್ಬರು ಇರುತ್ತಾರೆ, ಗಮನಿಸಿದ್ದೀರಾ? ವೀಸಾದಿಂದ ಹಿಡಿದು ಸೋರುವ ಛಾವಣಿಯವರೆಗೆ ಎಲ್ಲ ಗೊತ್ತು. ಬಾರ್ಬಿಗೆ, ಅಂದರೆ ಹಿತ್ತಲಿನ ಬಾರ್ಬೆಕ್ಯೂ ಊಟಕ್ಕೆ, ಕರೆದರೆ ಒಂದು ಕೈಯಲ್ಲಿ ಜೋಳದ ತೆನೆ ಹಿಡಿದು ಇನ್ನೊಂದು ಕೈಯಲ್ಲಿ ತೀರ್ಪು ಕೊಡುತ್ತಾರೆ. "ನಿಮಗೆ ಹೇಗೆ ಗೊತ್ತು ಅಂಕಲ್?" ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಅವಮಾನ. ದೊಡ್ಡವರು ಹೇಳಿದ್ದಾರೆ, ಸರಿಯಾಗಿಯೇ ಇರುತ್ತೆ ಅಂತ ಹೋಗಿ ಮಾಡಿಬಿಡುತ್ತಾರೆ. ಕೆಟ್ಟರೆ ಹಣೆಬರಹ, ಸರಿಹೋದರೆ ಅಂಕಲ್.

ಸರಿ, ಊಟ ಮುಗಿಸಿ ನಾನು ಲ್ಯಾಪ್‌ಟಾಪ್ ತೆಗೆದೆ. ಎಐ ಮಹಾಶಯನನ್ನು ಕರೆದೆ. ಏನು ಕೇಳಿದೆ ಅಂತ ಯಥಾವತ್ತಾಗಿ ಹೇಳುತ್ತೇನೆ, ಏಕೆಂದರೆ ತಪ್ಪೆಲ್ಲ ಅಲ್ಲೇ ಇದೆ.

"ನಾನು ಮೈಸೂರು ಕಡೆಯವನು. ರಸ್ತೆ ಬದಿಯಲ್ಲಿ ನೆಟ್ಟ ಕರಿಬೇವಿನ ಗಿಡವನ್ನು ಕೌನ್ಸಿಲ್ ಕಡಿಯಬಾರದು ಅಂತ ನಮ್ಮೋರು ಯಾರಾದರೂ ಎಲ್ಲಾದರೂ ಕೇಸ್ ಗೆದ್ದಿದ್ದಾರಾ?"

ನೋಡಿ, ಕಾನೂನು ಏನು ಹೇಳುತ್ತೆ ಅಂತ ನಾನು ಕೇಳಲೇ ಇಲ್ಲ. ನಮ್ಮೋರು ಯಾರಾದರೂ ಗೆದ್ದಿದ್ದಾರಾ ಅಂತ ಕೇಳಿದೆ.

"ತುಂಬಾ ಒಳ್ಳೆಯ ಪ್ರಶ್ನೆ!" ಅಂತು ಅದು. (ನಮ್ಮ ಮನೆಯಲ್ಲಿ ನನ್ನ ಪ್ರಶ್ನೆಗೆ ಯಾರಾದರೂ ಹೀಗೆ ಹೇಳಿ ಇಪ್ಪತ್ತು ವರ್ಷವಾಯಿತು.) ಆಮೇಲೆ ಪುಂಖಾನುಪುಂಖವಾಗಿ ಶುರುಮಾಡಿತು. ಹೌದು, ಗೆದ್ದಿದ್ದಾರೆ. ಕೆನಡಾದಲ್ಲಿ. ನಂಜುಂಡಯ್ಯ ವರ್ಸಸ್ ಒಂದು ಟೌನ್‌ಶಿಪ್. ವರ್ಷ ಇದೆ, ಕೋರ್ಟಿನ ಹೆಸರಿದೆ, ನಂಬರಿದೆ. ನ್ಯಾಯಾಧೀಶರು ಕರಿಬೇವನ್ನು "ಒಂದು ಸಮುದಾಯದ ಜೀವಂತ ಪರಂಪರೆ" ಅಂತ ಕರೆದು, ಅದಕ್ಕೆ ಗರಗಸ ಮುಟ್ಟಿಸಕೂಡದು ಅಂತ ಆಜ್ಞೆ ಮಾಡಿದ್ದಾರಂತೆ.

ನನಗೆ ಕಣ್ಣಲ್ಲಿ ನೀರು ಬಂತು. ಎಲ್ಲಿಯ ಕೆನಡಾ, ಎಲ್ಲಿಯ ನಂಜನಗೂಡು! ಒಬ್ಬ ಕನ್ನಡಿಗ ಅಷ್ಟು ದೂರ ಹೋಗಿ ಒಗ್ಗರಣೆಗಾಗಿ ಕೋರ್ಟು ಹತ್ತಿದ್ದಾನೆ!

ಸುಮಾ ಹಿಂದಿನಿಂದ ಬಗ್ಗಿ ಓದಿದಳು. "ಕೆನಡಾದಲ್ಲಿ ಹಿಮ ಬೀಳುತ್ತಲ್ರೀ. ರಸ್ತೆ ಬದೀಲಿ ಕರಿಬೇವು ಹೇಗೆ ಬದುಕುತ್ತೆ?"

"ಕೋರ್ಟ್ ಆರ್ಡರ್ ಇದೆ ಕಣೇ. ಬದುಕಲೇಬೇಕು."

ಅವಳು ನನ್ನನ್ನೊಮ್ಮೆ ನೋಡಿ ಪಾತ್ರೆ ತೊಳೆಯಲು ಹೋದಳು. ಆ ನೋಟ ಏನು ಹೇಳುತ್ತಿತ್ತು ಅಂತ ಅರ್ಥವಾಗಲು ನನಗೆ ಹತ್ತು ದಿನ ಬೇಕಾಯಿತು.

ಪತ್ರ ತಯಾರಾಯಿತು. ಎರಡು ಪುಟ. ಅದರಲ್ಲಿ ಒಂದೂವರೆ ಪುಟ ನಂಜುಂಡಯ್ಯನವರೇ. ಕೆಳಗೆ ವಿಮಲಾ ಆಂಟಿಯ ಸಹಿ. "ಇಷ್ಟೆಲ್ಲಾ ಜೋರಾಗಿ ಬರೀಬೇಕಾ?" ಅಂದರು ಆಂಟಿ. "ಕಾನೂನಿನ ಭಾಷೆ ಹೀಗೇ ಇರುತ್ತೆ ಆಂಟಿ," ಅಂದೆ. ಇಮೇಲಿನಲ್ಲಿ ಕಳಿಸಿದ ಎರಡೇ ನಿಮಿಷಕ್ಕೆ ಕೌನ್ಸಿಲ್‌ನಿಂದ ಉತ್ತರ. "ನಿಮ್ಮ ಪತ್ರ ತಲುಪಿದೆ, ಪರಿಶೀಲಿಸುತ್ತೇವೆ." ಮೆಷೀನ್ ಕಳಿಸುವ ಉತ್ತರ ಅದು. ನಾನು ಬೀದಿಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ: "ಕೌನ್ಸಿಲ್ ತಣ್ಣಗಾಗಿದೆ."

ಅಲ್ಲಿಗೆ ನಿಂತಿದ್ದರೆ ಬರೀ ನನ್ನೊಬ್ಬನ ದಡ್ಡತನ. ನಮ್ಮ ಜನ ಅಷ್ಟಕ್ಕೇ ಬಿಡುತ್ತಾರಾ?

ಪತ್ರ ನಮ್ಮ ಬೀದಿಯ ಗ್ರೂಪಿನಿಂದ ಪಕ್ಕದ ಬಡಾವಣೆ ಪಿಯಾರಾ ವಾಟರ್ಸ್‌ನ ಗ್ರೂಪಿಗೆ ಹೋಯಿತು, ಅಲ್ಲಿಂದ ಇಡೀ ಆಸ್ಟ್ರೇಲಿಯಾಕ್ಕೆ. ನಮ್ಮವರ ಕೈಗೆ ಒಂದು ಹೆಸರು ಸಿಕ್ಕಿದರೆ ಮೊದಲು ಕೇಳೋದೇನು? ಯಾವೂರು? ಯಾರ ಕಡೆಯವರು? ಆ ಎರಡು ಪ್ರಶ್ನೆಗೆ ಉತ್ತರ ಸಿಗದೆ ನಮಗೆ ನಿದ್ದೆ ಬರುವುದಿಲ್ಲ. ಉತ್ತರ ಇಲ್ಲದಿದ್ದರೆ ನಾವೇ ಹೊಂದಿಸುತ್ತೇವೆ. ಒಬ್ಬರು ಬರೆದರು, ನಂಜನಗೂಡಿನ ತೇರಿನ ಬೀದಿಯವರು ಇರಬೇಕು. ಇನ್ನೊಬ್ಬರು, ಇಲ್ಲ ಇಲ್ಲ, ಮೊದಲು ಕಬಿನಿ ಡ್ಯಾಮಿನಲ್ಲಿ ಎಂಜಿನಿಯರ್ ಆಗಿದ್ದರು. ಸಂಜೆಯ ಹೊತ್ತಿಗೆ ಅವರಿಗೆ ಇಬ್ಬರು ಹೆಣ್ಣುಮಕ್ಕಳಾಗಿದ್ದರು.

ಮೂರನೇ ದಿನ ಬ್ರಿಸ್ಬೇನ್‌ನಿಂದ ಸತ್ಯಣ್ಣನ ಫೋನು. ನಾವಿಬ್ಬರೂ ಒಟ್ಟಿಗೆ ಓದಿದವರು. ಈಗ ಅವನು ಅಲ್ಲಿನ ನಮ್ಮವರ ಬಳಗಕ್ಕೆ ಕಾರ್ಯದರ್ಶಿ. ಫೋನಿನಲ್ಲೂ ಮೈಕ್ ಹಿಡಿದವನಂತೆಯೇ ಮಾತಾಡುತ್ತಾನೆ.

"ಮೂರ್ತೀ, ನಂಜುಂಡಯ್ಯನೋರು ಬೇರೆ ಯಾರೂ ಅಲ್ಲ ಕಣೋ! ನನ್ನ ಷಡ್ಡಕನಿಗೆ ದೊಡ್ಡಪ್ಪ ಆಗಬೇಕು!"

"ನಿಜವಾಗ್ಲೂ?"

"ಮತ್ತೆ? ಮಗಳ ಮನೇಲಿ ಇದಾರೆ ಕೆನಡಾದಲ್ಲಿ. ಮಂಡಿ ಆಪರೇಷನ್ ಆಗಿದೆ. ಬಲಗಡೇದು. ಬಹಳ ಹಟದ ಮನುಷ್ಯ, ಕೇಸ್ ಹಾಕೋ ಪೈಕೀನೇ!"

ನನಗಂತೂ ಹಾಲು ಕುಡಿದಷ್ಟು ಸಂತೋಷ. ಎಐ ಹೇಳಿತು. ಸತ್ಯಣ್ಣ ಹೌದು ಅಂದ. ಎರಡು ಸಾಕ್ಷಿ ಆಯಿತಲ್ಲ?

ಹತ್ತನೇ ದಿನ ಅಡಿಲೇಡ್‌ನಿಂದ ಮೇಘನಾ ಫೋನ್ ಮಾಡಿದಳು. ನನ್ನ ಅಕ್ಕನ ಮಗಳು. ಆರು ವರ್ಷದವಳಿದ್ದಾಗ ಬಂದವಳು, ಈಗ ಅಲ್ಲೇ ಬೆಡ್‌ಫರ್ಡ್ ಪಾರ್ಕ್‌ನ ಯೂನಿವರ್ಸಿಟಿಯಲ್ಲಿ ಕಾನೂನು ಓದುತ್ತಾಳೆ. ಕಳೆದ ವರ್ಷ ಎಕ್ಸ್‌ಚೇಂಜ್‌ನಲ್ಲಿ ಒಂದು ಸೆಮಿಸ್ಟರ್ ಕೆನಡಾಕ್ಕೂ ಹೋಗಿಬಂದಳು. ಅವರಮ್ಮ ನನ್ನ ಪತ್ರವನ್ನು ಹೆಮ್ಮೆಯಿಂದ ಕಳಿಸಿದ್ದಳಂತೆ, "ನೋಡು, ನಿಮ್ಮ ಮಾವ ಲಾ ಓದದೇ ಹೇಗೆ ಬರೆದಿದಾನೆ" ಅಂತ.

"ಮಾವ, ಆ ಕೇಸ್‌ನ ಸೈಟೇಶನ್ ಕರೆಕ್ಟಾ? ಒಂದ್ಸಲ ಓದಿ ಹೇಳ್ತೀರಾ?"

"ಸೈಟೇಶನ್ ಅಂದ್ರೆ?"

"ಕೇಸ್‌ದು ಅಡ್ರೆಸ್, ಮಾವ. ಯಾವ ವರ್ಷ, ಯಾವ ಕೋರ್ಟು, ಎಷ್ಟನೇ ನಂಬರು."

ಓದಿದೆ.

"ಹಾಗಾದ್ರೆ ನಾನು ಸರಿಯಾದ ಅಡ್ರೆಸ್‌ಗೇ ಹೋಗಿದೀನಿ. ಅಲ್ಲಿ ಬೇರೆಯವರಿದಾರೆ."

"ಯಾರು?"

"ಒಂದು ದೋಣಿ ಇನ್ಶೂರೆನ್ಸ್ ಕೇಸು. ದೋಣಿ ಮುಳುಗಿದೆ. ಗಿಡ ಇಲ್ಲ."

"ಮನೆ ಬದಲಾಯಿಸಿರಬಹುದು ಕಣಮ್ಮ."

"ಜಡ್ಜ್‌ಮೆಂಟ್‌ಗಳು ಮನೆ ಬದಲಾಯಿಸಲ್ಲ ಮಾವ. ಹೆಸರು ಹಾಕಿ ಹುಡುಕಿದೆ. ಇಡೀ ಕೆನಡಾದಲ್ಲಿ ಕರಿಬೇವಿನ ಮೇಲೆ ಒಂದೂ ಕೇಸ್ ಇಲ್ಲ. ಎಐ ಮೇಡ್ ಹಿಮ್ ಅಪ್. ನೀವು ಮೈಸೂರು ಅಂದ್ರಿ, ನಮ್ಮೋರು ಅಂದ್ರಿ, ಗೆದ್ದಿರಬೇಕು ಅಂದ್ರಿ. ನೀವು ಕೇಳಿದ್ದನ್ನೇ ಸೇರಿಸಿ ಒಬ್ಬ ಅಂಕಲ್‌ನ ಮಾಡಿ ಕೊಟ್ಟಿದೆ."

ನನಗೆ ಕುರ್ಚಿ ಬೇಕಾಯಿತು. ಕೂತೆ.

"ಆದ್ರೆ ಸತ್ಯಣ್ಣ ಗೊತ್ತು ಅಂದ್ನಲ್ಲ? ಮಂಡಿ ಆಪರೇಷನ್..."

"ಸತ್ಯ ಅಂಕಲ್ ಅವರನ್ನ ನೋಡಿದಾರಾ?"

ನಾನು ಕೇಳಿರಲಿಲ್ಲ.

ಅಂಥ ಕೇಸು ನಿಜವಾಗಿ ಇದ್ದಿದ್ದರೂ ಅಷ್ಟೇ ಅಂತೆ. ಕೆನಡಾದ ಕೋರ್ಟು ಕೆನಡಾದಲ್ಲಿ ದೊಡ್ಡದು. ಅದರ ಮಾತಿಗೆ ಅಲ್ಲಿನ ಕೆಳಗಿನ ಕೋರ್ಟುಗಳು ಬಗ್ಗಲೇಬೇಕು, ಅದನ್ನು ಬೈಂಡಿಂಗ್ ಅನ್ನುತ್ತಾರೆ. ಇಲ್ಲಿ ಅದೇ ಮಾತು ಬರೀ ಪರ್ಸುವೇಸಿವ್. ಇಷ್ಟವಾದರೆ ಕೇಳಬಹುದು, ಇಲ್ಲದಿದ್ದರೆ ಬಿಡಬಹುದು. "ಪಕ್ಕದ ಮನೆಯವರ ಅಪ್ಪ ಬುದ್ಧಿ ಹೇಳಿದ ಹಾಗೆ ಮಾವ," ಅಂದಳು. ಮತ್ತೆ, "ಜೀವಂತ ಪರಂಪರೆ" ಥರದ ಮಾತನ್ನು ನಿಜವಾದ ಜಡ್ಜ್ ಹೇಳಿದ್ದರೂ ಅದು ತೀರ್ಪಿನ ತಿರುಳಲ್ಲ, ದಾರಿಯಲ್ಲಿ ಆಡಿದ ಮಾತು. ಅದಕ್ಕೆ ಒಬಿಟರ್ ಅಂತ ಹೆಸರು. (ನಮ್ಮ ಸಭೆಗಳಲ್ಲಿ ಅಧ್ಯಕ್ಷರ ಭಾಷಣ ಪೂರ್ತಿ ಇದೇ.)

"ಕೆನಡಾದಲ್ಲಿ ನಮಗೆ ಮೊದಲನೇ ಕ್ಲಾಸಲ್ಲೇ ಕೇಳ್ತಿದ್ರು ಮಾವ, ಡಿಡ್ ಯು ನೋಟ್ ಇಟ್ ಅಪ್? ಕೇಸ್ ಸಿಕ್ಕಿತು ಅಂತ ಕುಣಿಯೋ ಹಾಗಿಲ್ಲ. ಅದಾದ್ಮೇಲೆ ಏನಾಯ್ತು ನೋಡ್ಬೇಕು. ಮೇಲಿನ ಕೋರ್ಟ್ ಅದನ್ನ ತಳ್ಳಿಹಾಕಿದ್ಯಾ, ಬೇರೆ ಜಡ್ಜ್‌ಗಳು ಒಪ್ಪಿದಾರಾ, ಇವತ್ತಿಗೂ ಜೀವ ಇದ್ಯಾ. ಅಷ್ಟು ಮಾಡದೆ ಬರೆದ್ರೆ ಪೇಪರ್ ವಾಪಸ್. ಕೆಲವು ಕೋರ್ಟಲ್ಲಂತೂ ಎಐ ಹತ್ರ ಬರೆಸಿದ್ರೆ ಬರೆಸಿದೀನಿ ಅಂತ ಮೊದಲೇ ಹೇಳ್ಬೇಕು."

ಅವಳು ಹೇಳುತ್ತಾ ಹೋದಳು. ನನಗೆ ಪಾರ್ವತತ್ತೆ ನೆನಪಾದರು.

ಪಾರ್ವತತ್ತೆ ನನ್ನ ಸೋದರತ್ತೆ. ನಾನು ಮಾತು ಕಲಿತದ್ದು ಅವರ ಬಾಯಿಂದ. ನಾಲ್ಕನೇ ಕ್ಲಾಸಿನ ಮೇಲೆ ಓದಿದವರಲ್ಲ. ಆದರೆ ನಮ್ಮ ಮನೆತನದಲ್ಲಿ ಯಾರಿಗೇ ಗಂಡು ಗೊತ್ತು ಮಾಡಲಿ, ವಿಚಾರಿಸುವ ಕೆಲಸ ಅವರದು. ಒಮ್ಮೆ ಬ್ರೋಕರ್ ಒಬ್ಬ ಬಂದು, ಹುಡುಗ ಕರೆಂಟ್ ಆಫೀಸಿನಲ್ಲಿ ಆಫೀಸರ್ ಅಂದ. ಮನೆಮಂದಿಯೆಲ್ಲ ಖುಷಿ. ಅತ್ತೆ ಕೇಳಿದರು, "ನೀನು ಕಂಡ್ಯಾ? ಇಲ್ಲಾ ಕಂಡೋರು ಹೇಳಿದ್ರಾ?" ಬ್ರೋಕರ್ ಹಲ್ಲು ಕಿರಿದ. ಮಾರನೇ ಬೆಳಿಗ್ಗೆ ಅತ್ತೆ ಬಸ್ಸು ಹತ್ತಿ ಆ ಊರಿಗೇ ಹೋದರು. ಹುಡುಗನ ಮನೆ ಎದುರು ಹೂ ಮಾರುವವಳ ಹತ್ತಿರ ಮೊಳ ಹೂ ತಗೊಂಡು ಅರ್ಧ ದಿನ ಕೂತರು. ಸಂಜೆ ಬಂದು ಕಾಲು ತೊಳೆದುಕೊಂಡು ಹೇಳಿದರು:

"ಆಫೀಸರ್ ಅನ್ನೋದು ನಿಜ. ಹೋದ ತಿಂಗಳು ಸಸ್ಪೆಂಡ್ ಆಗಿರೋದೂ ನಿಜ."

ಇದಕ್ಕಿಂತ ಚೆನ್ನಾಗಿ ನೋಟ್ ಅಪ್ ಮಾಡಲು ಯಾವ ಕೆನಡಾಕ್ಕೆ ಹೋಗಬೇಕು? ಮಗಳನ್ನು ಕೊಡುವಾಗ ಇಷ್ಟೆಲ್ಲ ವಿಚಾರಿಸುವ ಜನ ನಾವು. ಅದೇ ನಾವು ವಾಟ್ಸಾಪಿನಲ್ಲಿ ಬಂದ ಕಾನೂನನ್ನು ಒಂದು ಹೆಬ್ಬೆರಳು ಒತ್ತಿ ಮದುವೆ ಮಾಡಿಕೊಂಡುಬಿಡುತ್ತೇವೆ. ಎಐಯನ್ನು ಬೈದು ಏನು ಪ್ರಯೋಜನ? ಅದು ಹೊಸದೇನಲ್ಲ. "ಗೊತ್ತಿಲ್ಲ" ಅನ್ನಲು ಬಾರದ ಇನ್ನೊಬ್ಬ ಅಂಕಲ್, ಅಷ್ಟೇ.

"ಮಾವ," ಅಂದಳು ಮೇಘನಾ, ಈ ಸಲ ದನಿ ತಗ್ಗಿಸಿ. "ಪತ್ರಕ್ಕೆ ಯಾರ ಸೈನು?"

"ವಿಮಲಾ ಆಂಟೀದು."



"ಹಾಗಾದ್ರೆ ಇಲ್ಲದ ಕೇಸ್ ಕೊಟ್ಟಿದ್ದು ನೀವಲ್ಲ. ಆಂಟಿ."

ಅಷ್ಟೊತ್ತಿಗೂ ನನಗೆ ಬರೀ ನಾಚಿಕೆ ಆಗಿತ್ತು. ಈ ಮಾತಿಗೆ ಎದ್ದು ನಿಂತೆ. ಕ್ಲಿನಿಕ್ಕಿನಲ್ಲಿ ಇದ್ದಷ್ಟು ವರ್ಷ ಒಂದೂ ಸುಳ್ಳು ಬಿಲ್ ಬರೆಯದ ಹೆಂಗಸು. ಅವರ ಹೆಸರಿನಲ್ಲಿ ನಾನು ಸರ್ಕಾರಕ್ಕೆ ಒಬ್ಬ ಸುಳ್ಳು ಮನುಷ್ಯನನ್ನು ಕಳಿಸಿಕೊಟ್ಟಿದ್ದೆ. ನೋಟಿಸಿಗೆ ಇನ್ನು ಉಳಿದದ್ದು ಎರಡು ದಿನ.

ಮೂಲೆ ಮನೆಗೆ ನಡೆದೆ. ಮೂವತ್ತು ಹೆಜ್ಜೆಯ ದಾರಿ. ಗಿಡದ ಹತ್ತಿರ ಬರುತ್ತಲೇ ಕಿಟಕಿ ತೆರೆಯಿತು.

"ಏನಪ್ಪಾ ಮೂರ್ತಿ, ಎಲೆ ಬೇಕಿತ್ತಾ?"

ಒಳಗೆ ಹೋಗಿ ಎಲ್ಲ ಹೇಳಿದೆ. ಎಐ, ದೋಣಿ, ಸಹಿ, ಎಲ್ಲ. ಮುಗಿಸಿದ ಮೇಲೆ ಆಂಟಿ ಒಂದೇ ಪ್ರಶ್ನೆ ಕೇಳಿದರು.

"ಅಂದ್ರೆ ಆ ನಂಜುಂಡಯ್ಯನೋರು ಇಲ್ಲ?"

"ಇಲ್ಲ ಆಂಟಿ."

"ಪಾಪ," ಅಂದರು.

ಯಾರಿಗೆ ಪಾಪ ಅಂದರೋ ಗೊತ್ತಾಗಲಿಲ್ಲ. ನನಗೇ ಇರಬೇಕು.

ಆಮೇಲೆ ಎದ್ದು ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ ಒತ್ತಿ ಸಿಕ್ಕಿಸಿದ್ದ ನೋಟಿಸನ್ನು ತೆಗೆದು ನನ್ನ ಮುಂದಿಟ್ಟರು. "ಈಗಾದ್ರೂ ಇದರಲ್ಲಿ ಏನು ಬರೆದಿದಾರೆ ಪೂರ್ತಿ ಓದು. ನನಗೆ ಸಣ್ಣ ಅಕ್ಷರ ಕಾಣಲ್ಲ."

ಮೇಘನಾ ಹೇಳಿದ್ದರಲ್ಲಿ ಇನ್ನೊಂದು ಮಾತಿತ್ತು, ಬರೆಯಲು ಮರೆತೆ. ಪ್ರೈಮರಿ ಸೋರ್ಸ್. ಕಾನೂನಿನ ಬಗ್ಗೆ ಯಾರ್ಯಾರೋ ಬರೆದದ್ದಲ್ಲ, ಕಾನೂನನ್ನೇ ಓದು, ಮೂಲ ಕಾಗದವನ್ನೇ ಓದು ಅಂತ. ನಮ್ಮ ಮೂಲ ಕಾಗದ ಹನ್ನೆರಡು ದಿನದಿಂದ ಫ್ರಿಜ್ಜಿನ ಮೇಲೆ ನೇತಾಡುತ್ತಿತ್ತು. ನಾನು ಓದಿದ್ದು ಮೊದಲ ಪುಟ ಮಾತ್ರ.

ಹಿಂದೆ ತಿರುಗಿಸಿದೆ.

ಹಿಂದಿನ ಪುಟದಲ್ಲಿ ಇದ್ದದ್ದು ಇಷ್ಟು: ಗಿಡವನ್ನು ಎಪ್ಪತ್ತೈದು ಸೆಂಟಿಮೀಟರ್‌ಗಿಂತ ಎತ್ತರ ಬೆಳೆಯದ ಹಾಗೆ ಕತ್ತರಿಸಿಟ್ಟುಕೊಂಡರೆ ತೆಗೆಯುವ ಅಗತ್ಯವಿಲ್ಲ. ಗೊಂದಲವಿದ್ದರೆ ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ, ನಾವೇ ಬಂದು ನೋಡುತ್ತೇವೆ.

ದಯವಿಟ್ಟು ಅಂತ ಬೇರೆ ಇತ್ತು.

ಆಂಟಿ ನನ್ನ ಮುಖವನ್ನೇ ನೋಡುತ್ತಿದ್ದರು. "ಏನಂತೆ?"

"ಮೊಳಕಾಲಿಗಿಂತ ಸ್ವಲ್ಪ ಎತ್ತರಕ್ಕೆ ಕತ್ತರಿಸಿಕೊಂಡರೆ ಇಟ್ಟುಕೊಳ್ಳಬಹುದಂತೆ."

"ಅಷ್ಟೇನಾ?"

"ಅಷ್ಟೇ."

"ಇದಕ್ಕೆ ಕೆನಡಾಕ್ಕೆ ಹೋಗಿದ್ಯಾ?"

ಮಾರನೇ ದಿನ ಇಬ್ಬರೂ ಕೌನ್ಸಿಲ್ ಆಫೀಸಿಗೆ ಹೋದೆವು. ಪತ್ರ ವಾಪಸ್ ತಗೊಳ್ಳುತ್ತೇವೆ ಅಂತ ಬರೆದ ಚೀಟಿ ನನ್ನ ಜೇಬಿನಲ್ಲಿ. ಆಂಟಿಯ ಬ್ಯಾಗಿನಲ್ಲಿ ಒಂದು ಕಟ್ಟು ಕರಿಬೇವು. (ಲಂಚವಾಗಲ್ವಾ ಅಂದೆ. "ಇದು ಸಾಕ್ಷಿ, ಸುಮ್ನಿರು," ಅಂದರು.) ಕೌಂಟರಿನ ಹೆಂಗಸು ನಮ್ಮ ಫೈಲ್ ತೆಗೆದು ನಕ್ಕಳು.

"ಓ, ಮಿಸ್ಟರ್ ನಂಜುಂಡಯ್ಯ! ನಾನೂ ನನ್ನ ಜೊತೆಯವರೂ ಆ ಜಡ್ಜ್‌ಮೆಂಟ್ ಓದಬೇಕು ಅಂತ ಒಂದು ಬೆಳಗ್ಗೆ ಪೂರ್ತಿ ಹುಡುಕಿದ್ವಿ. ಸಿಗಲೇ ಇಲ್ಲ. ಅವರು ಯಾರು?"

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಆಂಟಿ ನನ್ನ ಕಡೆ ಬೆರಳು ತೋರಿಸಿ ಇಂಗ್ಲಿಷಿನಲ್ಲಿ ಹೇಳಿಬಿಟ್ಟರು, ಅಂಥ ಮನುಷ್ಯ ಇಲ್ಲ, ಇವನು ಒಳ್ಳೆಯ ಹುಡುಗ, ಕಂಪ್ಯೂಟರ್ ಹೇಳಿದ್ದನ್ನೆಲ್ಲ ನಂಬುತ್ತಾನೆ. (ನನಗೆ ಐವತ್ತಮೂರು.)

ಆ ಹೆಂಗಸು ನಗಲಿಲ್ಲ. ಅದು ಅವಳ ದೊಡ್ಡತನ. ಚೀಟಿ ತಗೊಂಡು ಫೈಲಿಗೆ ಸೇರಿಸಿದಳು. "ನೋ ವರೀಸ್. ಈ ವರ್ಷ ನೀವು ಮೊದಲನೆಯವರಲ್ಲ," ಅಂದಳು. ಆಮೇಲೆ ಆಂಟಿಯ ಕಡೆ ತಿರುಗಿ, ಇಲ್ಲಿನವರ ಪ್ರೀತಿಯ ಮಾತಿನಲ್ಲಿ, "ನೀವು ಸುಮ್ಮನೆ ಒಂದು ಫೋನ್ ಮಾಡಿದ್ದರೆ ಸಾಕಿತ್ತಲ್ಲ ಲವ್, ನಾನೇ ಬರುತ್ತಿದ್ದೆ."

ಆಂಟಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಅದೇ ಆರ್ವೋ (ಮಧ್ಯಾಹ್ನಕ್ಕೆ ಇಲ್ಲಿನವರು ಇಟ್ಟ ಹೆಸರು) ಅವಳು ಬಂದಳು. ಟೇಪು ಹಿಡಿದು ಅಳೆದಳು. ಗಿಡ ಕತ್ತರಿಸಿದ್ದು ನಾನಲ್ಲ, ಆಂಟಿಯೇ. ಒಂದೊಂದು ಕೊಂಬೆಯನ್ನೂ ಹಲ್ಲು ಕೀಳುವಷ್ಟು ಜೋಪಾನವಾಗಿ ತೆಗೆದರು. ಪೂರ್ತಿ ಮುಗಿದಾಗ ಆಳೆತ್ತರದ ಗಿಡ ನಮ್ಮ ಸೊಂಟಕ್ಕೂ ಬರುತ್ತಿರಲಿಲ್ಲ. ಆಂಟಿ ಬಿದ್ದ ಎಲೆಗಳನ್ನು ಒಂದೊಂದಾಗಿ ಆರಿಸತೊಡಗಿದರು. ಹತ್ತು ದಿನ ನಾನು ಕೊಟ್ಟ ಧೈರ್ಯದಲ್ಲಿ ಅವರು ಒಂದು ಎಲೆಯೂ ಕಡಿಮೆಯಾಗುವುದಿಲ್ಲ ಅಂತ ನಂಬಿದ್ದರು. ಆ ನಂಬಿಕೆಯನ್ನೂ ಕತ್ತರಿಸಬೇಕಾಯಿತು.

ಕತ್ತರಿಸಿದ ಸೊಪ್ಪನ್ನು ಮನೆಮನೆಗೂ ಕಳಿಸಿದರು. ಇಡೀ ವಾರ ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಕರಿಬೇವಿನ ಚಟ್ನಿಪುಡಿ. ಬೆಂಟ್ಲಿಯ ಹುಡುಗಿಯರು ಆ ಭಾನುವಾರವೂ ಬಂದರು. ಈಗ ಎಲೆ ಕೀಳಬೇಕಾದರೆ ಎಲ್ಲರೂ ಬಗ್ಗಬೇಕು. ಕಿಟಕಿಯಿಂದ ನೋಡಿದರೆ ಆಂಟಿಯ ಮನೆಗೇ ನಮಸ್ಕಾರ ಹಾಕಿದ ಹಾಗೆ ಕಾಣುತ್ತದೆ. ಆಂಟಿಗೆ ಇದು ಮೊದಲಿಗಿಂತ ಹಿಡಿಸಿದೆ.

ಇಲ್ಲಿಗೆ ಮುಗಿಯಬೇಕಿತ್ತು. ಮೊನ್ನೆ ಶನಿವಾರ ಆಂಟಿಯ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಸತ್ಯಣ್ಣನ ಫೋನು ಬಂತು. ಸ್ಪೀಕರಿಗೆ ಹಾಕಿದೆ.

"ಮೂರ್ತೀ, ಶುಭ ಸಮಾಚಾರ! ನಮ್ಮ ಬಳಗದ ಯುಗಾದಿ ಮುಂದಿನ ಭಾನುವಾರ." (ಬೇವು ಬೆಲ್ಲ ಮುಗಿದು ತಿಂಗಳ ಮೇಲಾಯಿತು. ಇಲ್ಲಿ ಹಾಲ್ ಸಿಕ್ಕ ದಿನವೇ ಹಬ್ಬ.) "ನಂಜುಂಡಯ್ಯನೋರಿಗೆ ಸನ್ಮಾನ ಇಟ್ಕೊಂಡಿದೀವಿ! ಆನ್‌ಲೈನ್‌ನಲ್ಲಿ ಕರೆಸ್ತೀವಿ. ಪೇಟ, ಹಾರ, ಶಾಲು ಎಲ್ಲ ತಂದಾಯ್ತು. ಮೈಸೂರು ಶಾಲು ಕಣೋ, ಊರಿಂದ ತರಿಸಿದ್ದು, ದಪ್ಪ ಜರಿ ಅಂಚು!"

"ಸತ್ಯಾ, ಒಂದು ಮಾತು. ಅವರು ಇಲ್ಲ."

"ಅಯ್ಯಯ್ಯೋ! ಯಾವಾಗ ಹೋದ್ರು?"

"ಹೋಗಿಲ್ಲ ಕಣೋ. ಇರಲೇ ಇಲ್ಲ. ಎಐ ಸೃಷ್ಟಿ ಮಾಡಿದ್ದು. ಮೇಘನಾ ಹುಡುಕಿ ನೋಡಿದಾಳೆ."

"ಹೇ, ಹೋಗಲೇ! ಇಲ್ಲದೇ ಇರೋ ಮನುಷ್ಯನ ಮಂಡಿ ಆಪರೇಷನ್ ಆಗುತ್ತಾ?"

"ನೀನು ಅವರ ಜೊತೆ ಮಾತಾಡಿದ್ಯಾ?"

"ಮಾತಾಡಿದ..." ಅಂದವನು ನಿಂತ. "ಮಾತಾಡಿದ ಹಾಗೆ ನೆನಪು."

"ನಿನ್ನ ಷಡ್ಡಕ?"

"ಅವನು ಹೌದು ಅಂದ್ನಲ್ಲೋ. ನಾನು 'ನಿಮ್ಮ ದೊಡ್ಡಪ್ಪ ಅಂತೆ' ಅಂದೆ, ಅವನು 'ಇರಬಹುದು' ಅಂದ."

ಆಮೇಲೆ ಸತ್ಯಣ್ಣ ಸಣ್ಣ ದನಿಯಲ್ಲಿ ಕೇಳಿದ. ಮೊದಲ ಸಲ ಅವನು ಮೈಕ್ ಇಲ್ಲದೆ ಮಾತಾಡಿದ್ದು ಅದು.

"ಆಹ್ವಾನ ಪತ್ರಿಕೆ ಹೋಗಿಬಿಟ್ಟಿದೆ ಕಣೋ. ಶಾಲು ಬೇರೆ ಬಂದಿದೆ. ಈಗ ಯಾರಿಗೆ ಹೊದಿಸೋದು?"

ವಿಮಲಾ ಆಂಟಿ ಕಾಫಿ ಲೋಟ ಕೆಳಗಿಟ್ಟರು. ಕಿಟಕಿಯಾಚೆ ಮೊಟಕಾಗಿ ನಿಂತಿದ್ದ ಗಿಡದ ಕಡೆ ಒಮ್ಮೆ ನೋಡಿ, ಫೋನಿನ ಹತ್ತಿರ ಬಗ್ಗಿ ಹೇಳಿದರು:

"ಇಲ್ಲಿಗೆ ಕಳಿಸಪ್ಪ. ಜುಲೈ ಚಳಿಗೆ ಈ ಗಿಡಕ್ಕೆ ಹೊದಿಸ್ತೀನಿ. ಇದಾದ್ರೂ ಇದೆಯಲ್ಲ?"